ಚಳಿಗಾಲದಲ್ಲಿ ಆಮೆಗೆ ಊಟ ಬೇಡವೇ?

ಚಳಿ ಶುರುವಾದರೆ ಸಾಕು, ಆ ಸಂದೇಶ ಮತ್ತೆ ಬರುತ್ತದೆ: ಆಮೆಗಳೆಲ್ಲ ಚಳಿಗಾಲವಿಡೀ ಮಲಗುತ್ತವೆ, ಊಟ ನಿಲ್ಲಿಸಿ ಎಂದು. ಕಾಳಜಿಯಿಂದಲೇ ಜನ ಕಳಿಸುತ್ತಾರೆ. ಆದರೆ ಅದು ಎಲ್ಲ ಆಮೆಗಳಿಗೂ ನಿಜವಲ್ಲ.

ಹರ್ಮನ್ ಆಮೆ, ರಷ್ಯನ್ ಆಮೆಯಂಥ ಕೆಲವು ಜಾತಿಗಳು ಹಾಗೆ ದೀರ್ಘ ನಿದ್ದೆಗೆ ಹೋಗುತ್ತವೆ. ಆಫ್ರಿಕಾದ ಸುಲ್ಕಾಟಾ, ಲೆಪರ್ಡ್ ಆಮೆಗಳು ಹೋಗುವುದಿಲ್ಲ. ಇವಕ್ಕೆ ಚಳಿಯಲ್ಲೂ ಹುಲ್ಲು, ಸೊಪ್ಪು, ನೀರು ಬೇಕು. ಬೆಚ್ಚಗಿನ ಜಾಗವಂತೂ ಬೇಕೇ ಬೇಕು; ಮೈ ತಣ್ಣಗಾದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯಬಹುದು. ಮಂಕಾಗಿ ಕೂತ ಆಮೆಯನ್ನು ಮಲಗಿದೆ ಎಂದು ಸುಮ್ನೆ ಬಿಡಬೇಡಿ. ಕಾಯಿಲೆಯೂ ಇರಬಹುದು, ಅಲ್ವಾ?

ಸಂದೇಶದಲ್ಲಿ ಆಮೆಯ ಜಾತಿ ಹೇಳಿದ್ದಾರೆಯೇ ನೋಡಿ. ಇಲ್ಲದಿದ್ದರೆ ನಂಬಬೇಡಿ. ನಿಮ್ಮ ಆಮೆ ಯಾವ ಜಾತಿ, ಅದರ ಮೂಲ ನೆಲದಲ್ಲಿ ಚಳಿ ಎಷ್ಟು ಎಂದು ತಿಳಿದುಕೊಳ್ಳಿ. ವಾರಕ್ಕೊಮ್ಮೆ ತೂಕ ನೋಡಿ. ಇಳಿಯುತ್ತಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ.