ಸ್ಪಷ್ಟನೆ: ತಣ್ಣೀರಿಗೆ ಕಿಣ್ವ ಸಾಯುವುದಿಲ್ಲ
ಮುಂಬೈಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಊಟದ ಮೇಲೆ ಫ್ರಿಜ್ ನೀರು ಕುಡಿದರೆ ಜೀರ್ಣ ಮಾಡುವ ಕಿಣ್ವಗಳು ಸಾಯುತ್ತವೆ, ಅನ್ನ ಹೊಟ್ಟೆಯಲ್ಲೇ ಕೊಳೆಯುತ್ತದೆ.’ ಇದು ತಪ್ಪು.

ಕಿಣ್ವಕ್ಕೆ ಜೀವವೇ ಇಲ್ಲ, ಸಾಯುವುದು ಎಲ್ಲಿಂದ ಬಂತು? ಅದು (ಎಂಜೈಮ್) ಆಹಾರವನ್ನು ಒಡೆಯಲು ನೆರವಾಗುವ ಒಂದು ಪ್ರೋಟೀನ್. ಅದರ ಮೇಲಿರುವ ಗುಳಿಯಲ್ಲಿ ಆಹಾರದ ಅಣು ಸರಿಯಾಗಿ ಕೂತರೆ ಕೆಲಸ ನಡೆಯುತ್ತದೆ. ತಣ್ಣಗಾದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ನೀರು ಹೊಟ್ಟೆಯಲ್ಲಿ ಬೆಚ್ಚಗಾಗಿ 37 ಡಿಗ್ರಿಯತ್ತ ಬಂದಂತೆ ಕಿಣ್ವ ಮತ್ತೆ ಚುರುಕಾಗುತ್ತದೆ. ಕಿಣ್ವದ ಆಕಾರ ಕೆಡಿಸುವುದು ಜಾಸ್ತಿ ಬಿಸಿ. ಹುಳಿಯ ಮಟ್ಟವೂ ಮುಖ್ಯ (ಅದರ ಅಳತೆಯೇ ಪಿಎಚ್, ಸಂಖ್ಯೆ ಇಳಿದಷ್ಟು ಹುಳಿ ಜಾಸ್ತಿ): ಹೊಟ್ಟೆಯ ಪೆಪ್ಸಿನ್ ಎಂಬ ಕಿಣ್ವಕ್ಕೆ ಪಿಎಚ್ 2ರ ಆಸುಪಾಸು ಬೇಕು, ಎಂಜಲಿನ ಅಮೈಲೇಸ್ ಎಂಬ ಕಿಣ್ವಕ್ಕೆ 7ರ ಹತ್ತಿರ.

ಮೇ ತಿಂಗಳ ಈ ಸೆಕೆಯಲ್ಲಿ ಮನೆಯ ಹಿರಿಯರಿಗೆ ಸುಮ್ನೆ ಹೆದರಿಸಿ ನೀರು ತಪ್ಪಿಸಬೇಡಿ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.