ಚೂಸ್ ಅಂದರೆ ಮೊದಲು ರುಚಿ ನೋಡುವುದು
ಇಂಗ್ಲಿಷಿನ ‘ಚಾಯ್ಸ್’ (ಆಯ್ಕೆ) ಅನ್ನುವುದು ‘ಚೂಸ್’ನಿಂದ (ಆಯ್ದುಕೊಳ್ಳು) ನೇರವಾಗಿ ಹುಟ್ಟಿದ್ದು ಅಂತ ಅನ್ನಿಸಬಹುದು. ಅಷ್ಟು ಸಲೀಸಲ್ಲ. ‘ಚೂಸ್’ ಹಳೆಯ ಇಂಗ್ಲಿಷಿನದೇ, ಆಗ ‘ಚೇಓಸನ್’ ಅಂತಿತ್ತು. ‘ಚಾಯ್ಸ್’ ಬಂದದ್ದು ಫ್ರೆಂಚಿನಿಂದ. ಫ್ರೆಂಚರು ಅದನ್ನು ಪಡೆದದ್ದು ಇಂಗ್ಲಿಷಿನ ದಾಯಾದಿಗಳಾದ ಜರ್ಮಾನಿಕ್ ಭಾಷೆಗಳಿಂದ! ಊರೆಲ್ಲ ಸುತ್ತಿ ಮನೆಗೇ ಬಂದ ಹಾಗೆ, ಅಲ್ವಾ?

ಈ ಎರಡೂ ಪದಗಳ ಮೂಲ ಬೇರಿನ ಅರ್ಥ ಇನ್ನೂ ಚೆನ್ನಾಗಿದೆ: ರುಚಿ ನೋಡು. ಲ್ಯಾಟಿನ್ನಿನ ‘ಗುಸ್ಟಾರೆ’, ಸಂಸ್ಕೃತದ ‘ಜುಷ್’ ಅದೇ ಬೇರಿನವು. ಸಂತೆಯಲ್ಲಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಹುಳಿ ಇದ್ದರೆ ಸುಮ್ನೆ ಮುಂದಿನ ಗಾಡಿಗೆ ಹೋಗುತ್ತೇವಲ್ಲ, ಅದೇ ಚೂಸ್.

ನಮ್ಮ ‘ಆಯ್ಕೆ’ ಮಾತ್ರ ನಾಲಿಗೆಯದಲ್ಲ, ಬೆರಳಿನದು. ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆಯುತ್ತಿದ್ದರಲ್ಲ, ಆ ‘ಆಯು’ವಿನಿಂದಲೇ ಬಂದದ್ದು.