ದುಡ್ಡಿನ ಗಂಟು ತೋರಿಸಿ ಎತ್ತು ಕೊಳ್ಳುವವರು

ಗಣೇಶನ ಹಬ್ಬಕ್ಕೆಂದು ಕಲಬುರಗಿಗೆ ಬಂದವನು 2025ರ ಸೆಪ್ಟೆಂಬರ್ 1ರಂದು ನೆಹರು ಗಂಜ್‌ನಲ್ಲಿ ಕಾಕಾನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಹೊಸ ಹೆಸರುಕಾಳು ಬರುವ ಕಾಲ. ಸೇಡಂ ಕಡೆಯ ರೈತರೊಬ್ಬರು ಸುರಿದಿದ್ದ ರಾಶಿಯ ಮುಂದೆ ಖರೀದಿದಾರರೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು, ಮೊಳಕೈವರೆಗೆ ಕೈ ತೂರಿಸಿ, ಒಳಗಿನ ಕಾಳನ್ನು ಹಿಡಿ ತುಂಬ ತೆಗೆದರು. ಅಂಗೈಯಲ್ಲಿ ಹರಡಿ ಊದಿದರು. ಎರಡು ಕಾಳನ್ನು ಹಲ್ಲಿಗಿಟ್ಟು ಕಚ್ಚಿದರು. ಕಟ್ಟೆಂದು ಒಡೆಯಬೇಕಾದ ಕಾಳು ಮೆತ್ತಗೆ ಚಪ್ಪಟೆಯಾಯಿತು. ಮಳೆ ಹೊಡೆದ ಮಾಲು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ ಇದ್ದರೂ ಈ ರಾಶಿಗೆ ಅದರ ಹತ್ತಿರದ ದರವೂ ಸಿಗುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ರೈತರು ಏನೂ ಮಾತನಾಡಲಿಲ್ಲ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಅದೇ ಹೊತ್ತಿಗೆ ಕಾಕಾನ ಕಿರಿಯ ಮಗ ಮೊಬೈಲ್ ಹಿಡಿದು ಬಂದ. "ಅಣ್ಣಾ, ಇಸಾಕ್ ಲಿವರ್‌ಪೂಲ್‌ಗೆ ಹೋದ. ಹನ್ನೆರಡೂವರೆ ಕೋಟಿ ಪೌಂಡ್!"

ಫುಟ್‌ಬಾಲ್ ಆಟಗಾರರನ್ನು ಕೊಳ್ಳುವ ಮಾರುವ ಇಂಗ್ಲೆಂಡಿನ ಬೇಸಿಗೆ ಮಾರುಕಟ್ಟೆಗೆ ಅಂದು ಕೊನೆಯ ದಿನ. ಅಲ್ಲಿ ಸಂಜೆ ಏಳಕ್ಕೆ, ನಮಗೆ ರಾತ್ರಿ ಹನ್ನೊಂದೂವರೆಗೆ ಬಾಗಿಲು ಮುಚ್ಚುತ್ತದೆ. ನ್ಯೂಕ್ಯಾಸಲ್ ತಂಡದ ಅಲೆಕ್ಸಾಂಡರ್ ಇಸಾಕ್‌ಗಾಗಿ ಲಿವರ್‌ಪೂಲ್ ತೆತ್ತ ಮೊತ್ತ ಬ್ರಿಟನ್ನಿನ ದಾಖಲೆ, ನಮ್ಮ ಲೆಕ್ಕದಲ್ಲಿ ಸುಮಾರು 1,500 ಕೋಟಿ ರೂಪಾಯಿ. ಆ ಒಂದು ಬೇಸಿಗೆಯಲ್ಲಿ ಅಲ್ಲಿನ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನ ಇಪ್ಪತ್ತು ಕ್ಲಬ್‌ಗಳು ಖರ್ಚು ಮಾಡಿದ್ದು 300 ಕೋಟಿ ಪೌಂಡಿಗೂ ಮಿಗಿಲು.

ಕಾಕಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಿ ಕೇಳಿದರು: "ಅಷ್ಟೂ ದುಡ್ಡು ಆ ಹುಡುಗನ ಕೈಗೆ ಬರುತ್ತದೇನು ತಮ್ಮಾ?"

"ಇಲ್ಲ ಕಾಕಾ. ಹುಡುಗನ ಪಗಾರ ಬೇರೆ. ಇದು ಅವನನ್ನು ಬಿಟ್ಟುಕೊಟ್ಟದ್ದಕ್ಕೆ ಹಳೆಯ ಕ್ಲಬ್ಬಿಗೆ ಸಲ್ಲುವ ಹಣ."

"ಹಾಗಾದರೆ ಕೊಂಡವರ ಹತ್ತಿರ ಎಷ್ಟಿದೆ ಎಂದು ಮಾರಿದವರಿಗೆ ಮೊದಲೇ ಗೊತ್ತಿತ್ತು" ಎಂದರು ಕಾಕಾ.

ಹದಿನಾಲ್ಕು ವರ್ಷದಿಂದ ಮ್ಯಾಂಚೆಸ್ಟರ್ ಹತ್ತಿರದ ಬೆರಿ ಎಂಬ ಊರಿನಲ್ಲಿದ್ದು, ಅಲ್ಲಿನ ಪತ್ರಿಕೆಗಳನ್ನು ದಿನವೂ ಓದುವ ನನಗೆ ಇಷ್ಟು ನೇರವಾಗಿ ಯಾರೂ ಈ ಮಾತನ್ನು ಹೇಳಿರಲಿಲ್ಲ.

ನಾನು ಚಿಕ್ಕವನಿದ್ದಾಗ ಅಪ್ಪ ಎತ್ತು ಕೊಳ್ಳಲು ಜಾತ್ರೆಗೆ ಹೋಗುವಾಗ ಇದೇ ಕಾಕಾ ಜೊತೆಗಿರುತ್ತಿದ್ದರು. ದುಡ್ಡಿನ ಗಂಟು ಅಪ್ಪನ ಬಳಿ ಇರುತ್ತಿರಲಿಲ್ಲ. ಕಾಕಾ ಅದನ್ನು ಧೋತರದ ಒಳಗೆ ಕಟ್ಟಿಕೊಂಡು ದೂರದ ಚಹದ ಅಂಗಡಿಯಲ್ಲಿ, ಅಪ್ಪನ ಪರಿಚಯವೇ ಇಲ್ಲದವರಂತೆ ಕುಳಿತಿರುತ್ತಿದ್ದರು. ಅಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ನೋಡಿ, ಸುಳಿ ನೋಡಿ, ನಡೆಸಿ, ನೊಗ ಕಟ್ಟಿಸಿ ನೋಡಿದ ಮೇಲೆಯೇ ದರದ ಮಾತು. ಅದೂ ಬಾಯಿಂದ ಆಡುವ ಮಾತಲ್ಲ. ದಲ್ಲಾಳಿ ಟವೆಲ್ ಮುಚ್ಚಿ, ಅದರಡಿಯಲ್ಲಿ ಬೆರಳು ಹಿಡಿದು ಕೇಳುತ್ತಿದ್ದ, ಅಪ್ಪ ಬೆರಳು ಒತ್ತಿ ಹೇಳುತ್ತಿದ್ದರು. ಸುತ್ತ ನಿಂತ ನೂರು ಜನಕ್ಕೆ ದರ ತಿಳಿಯುತ್ತಿರಲಿಲ್ಲ, ಆದ್ದರಿಂದ ಅವರ ಮಾತಿಗೆ ದರ ಏರುತ್ತಲೂ ಇರಲಿಲ್ಲ. ಕುದುರಿದರೆ ಸಂಚಕಾರ, ಕುದುರದಿದ್ದರೆ ಮುಂದಿನ ಜಾತ್ರೆ.

ಫುಟ್‌ಬಾಲ್‌ನ ದೊಡ್ಡ ಕ್ಲಬ್‌ಗಳು ಮಾಡುವುದು ಇದಕ್ಕೆ ತೀರ ತಿರುಗುಮುರುಗು. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ 22.2 ಕೋಟಿ ಯೂರೊ ಕಟ್ಟಿ ನೇಮಾರ್‌ನನ್ನು ಬಾರ್ಸಿಲೋನಾದಿಂದ ಕರೆದೊಯ್ದಿತು. ಆ ದಾಖಲೆಯನ್ನು ಯಾರೂ ಇನ್ನೂ ಮುರಿದಿಲ್ಲ. ಬಾರ್ಸಿಲೋನಾದ ಕೈಯಲ್ಲಿ ಎಷ್ಟು ಹಣವಿದೆ, ಅದಕ್ಕೆ ಎಷ್ಟು ದಿನ ಉಳಿದಿದೆ ಎಂಬುದು ಯುರೋಪಿನ ಮನೆಮನೆಗೂ ತಿಳಿಯಿತು. ಅದೇ ತಿಂಗಳು ಡಾರ್ಟ್ಮಂಡ್ ಕ್ಲಬ್ಬು ತನ್ನ ಆಟಗಾರ ಉಸ್ಮಾನ್ ಡೆಂಬೆಲೆಗೆ ಬಾರ್ಸಿಲೋನಾದಿಂದ 10.5 ಕೋಟಿ ಯೂರೊ, ಮೇಲೆ ಇನ್ನಷ್ಟು ಷರತ್ತಿನ ಹಣ ಕೇಳಿತು, ಸಿಕ್ಕಿತು. ಮುಂದಿನ ಜನವರಿಯಲ್ಲಿ ಲಿವರ್‌ಪೂಲ್ ಫಿಲಿಪೆ ಕುಟಿನ್ಯೊಗೆ ಅದಕ್ಕಿಂತ ಹೆಚ್ಚು ಪಡೆಯಿತು. ಎರಡೂವರೆ ವರ್ಷದ ನಂತರ ಅದೇ ಕುಟಿನ್ಯೊ, ಬಾರ್ಸಿಲೋನಾದಿಂದ ಎರವಲು ಹೋಗಿದ್ದ ಬಯರ್ನ್ ತಂಡದ ಪರ ಆಡಿ, ಬಾರ್ಸಿಲೋನಾ 8-2ರಲ್ಲಿ ಸೋತ ಪಂದ್ಯದಲ್ಲಿ ಎರಡು ಗೋಲು ಹೊಡೆದ. ಲಿವರ್‌ಪೂಲ್ ಮಾತ್ರ ಅದೇ ವರ್ಷದಲ್ಲಿ ವ್ಯಾನ್ ಡೈಕ್‌ನನ್ನೂ ಗೋಲ್‌ಕೀಪರ್ ಅಲಿಸನ್‌ನನ್ನೂ ಕೊಂಡು ತಂಡ ಕಟ್ಟಿಕೊಂಡಿತು.

ದರ ಹೆಚ್ಚಾಗಲಿ, ನನಗೆ ಹೊಟ್ಟೆಕಿಚ್ಚಿಲ್ಲ. 1905ರಲ್ಲಿ ಆಲ್ಫ್ ಕಾಮನ್‌ಗೆ ಮಿಡಲ್ಸ್‌ಬರೊ ಸಾವಿರ ಪೌಂಡ್ ಕೊಟ್ಟಾಗಲೂ ಜನ ಬೆಚ್ಚಿದ್ದರು. ಆದರೆ ದರ ಎಂಬುದು ಮಾಲಿನ ವಿಷಯ ಹೇಳಬೇಕು. ಗಂಜ್‌ನಲ್ಲಿ ಆ ಖರೀದಿದಾರರು ಹಲ್ಲಿನಲ್ಲಿ ಕಚ್ಚಿ ಕಂಡುಕೊಂಡದ್ದೇ ದರವಾಗಿ ಬರುತ್ತದೆ. ಫುಟ್‌ಬಾಲ್‌ನ ಬೇಸಿಗೆಯಲ್ಲಿ ದರ ಹೇಳುವುದು ಕೊಳ್ಳುವವನ ಕಿಸೆಯ ಕಥೆಯನ್ನು.

ಈ ಕಿಸೆ ಊದಿಕೊಳ್ಳಲು ಲೆಕ್ಕಪತ್ರದ ದಾರಿಗಳೂ ಇವೆ. 10 ಕೋಟಿಗೆ ಕೊಂಡ ಆಟಗಾರನಿಗೆ ಎಂಟು ವರ್ಷದ ಕರಾರು ಬರೆದರೆ ಪುಸ್ತಕದಲ್ಲಿ ವರ್ಷಕ್ಕೆ 1.25 ಕೋಟಿಯ ಖರ್ಚು ಮಾತ್ರ ಕಾಣುತ್ತದೆ. ಚೆಲ್ಸಿ ಇದನ್ನು ಧಾರಾಳವಾಗಿ ಮಾಡಿದ ಮೇಲೆ, 2023ರಲ್ಲಿ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದರು. ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. ಮೂರು ವರ್ಷದ ನಷ್ಟ 10.5 ಕೋಟಿ ಪೌಂಡ್ ಮೀರಬಾರದೆಂದು 2025-26ರವರೆಗೆ ಇದ್ದ ನಿಯಮಕ್ಕೆ ಸಿಕ್ಕಿಬಿದ್ದ ಕ್ಲಬ್‌ಗಳು, ಎಂಟು ಹತ್ತು ವರ್ಷದ ಮಗುವಾಗಿದ್ದಾಗಿನಿಂದ ತಾವೇ ಬೆಳೆಸಿದ ಹುಡುಗರನ್ನು ಮಾರಿದವು. ಅಂಥ ಹುಡುಗನಿಗೆ ಕೊಂಡ ಬೆಲೆ ಇಲ್ಲವಾದ್ದರಿಂದ ಬಂದದ್ದೆಲ್ಲ ಲಾಭ. ನಮ್ಮ ಮನೆಯಲ್ಲಿ ಕೊಟ್ಟಿಗೆಯಲ್ಲೇ ಹುಟ್ಟಿದ ಹೋರಿಯನ್ನು ಬರಗಾಲದಲ್ಲೂ ಕೊನೆಗೆ ಬಿಚ್ಚುತ್ತಿದ್ದರು. ಅಲ್ಲಿನ ಲೆಕ್ಕ ಅದನ್ನೇ ಮೊದಲು ಬಿಚ್ಚು ಎನ್ನುತ್ತದೆ.

ತೊಗರಿಗೂ ಹುಚ್ಚು ದರ ಬಂದಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಊರಿಗೆ ಊರೇ ತೊಗರಿ ಬಿತ್ತಿತು, ರಾಶಿ ಬಂದಾಗ ದರ 5,050ರ ಬೆಂಬಲ ಬೆಲೆಗಿಂತ ಕೆಳಗಿಳಿದು ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ನಿಂತಿತು. ರೈತರು ಆ ಪೆಟ್ಟು ತಿಂದದ್ದು ಕಣ್ಣಾರೆ ಕಂಡಿದ್ದೇನೆ. ಆದರೂ ಭೂಮಿಯಲ್ಲಿ ಏರಿದ ದರಕ್ಕೆ ಬಿತ್ತನೆ ಉತ್ತರ ಕೊಡುತ್ತದೆ. ಗೋಲು ಹೊಡೆಯುವ ಇಪ್ಪತ್ತೈದರ ಹುಡುಗನನ್ನು ಒಂದು ಮುಂಗಾರಿನಲ್ಲಿ ಬೆಳೆಯಲು ಬರುವುದಿಲ್ಲ. ಅದಕ್ಕೆ ಸಣ್ಣ ಸಣ್ಣ ಊರುಗಳ ಕ್ಲಬ್ಬು ಬೇಕು, ಮೈದಾನ ಬೇಕು, ಹದಿನೈದು ವರ್ಷ ಬೇಕು.

ಅಂಥದೊಂದು ಊರು ನನ್ನ ಬೆರಿ. 1885ರಲ್ಲಿ ಹುಟ್ಟಿದ ಕ್ಲಬ್ಬು, 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದದ್ದು. 2018ರ ಡಿಸೆಂಬರ್‌ನಲ್ಲಿ ಅದು ಒಂದು ಪೌಂಡಿಗೆ ಕೈ ಬದಲಾಯಿಸಿತು. ಮುಂದಿನ ವಸಂತದಲ್ಲಿ ಆಟಗಾರರು ಪಗಾರ ಸಿಗದೆಯೂ ಆಡಿ ಮೇಲಿನ ದರ್ಜೆಗೆ ಏರಿದರು. 2019ರ ಆಗಸ್ಟ್ 5ರಂದು, ಟ್ರಾಮಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಮ್ಯಾಂಚೆಸ್ಟರ್ ಯುನೈಟೆಡ್, ಹ್ಯಾರಿ ಮಗ್ವೈರ್‌ಗೆ 8 ಕೋಟಿ ಪೌಂಡ್ ಕೊಟ್ಟಿತು. ಅದೇ ತಿಂಗಳ 27ರಂದು ಬೆರಿಯನ್ನು ಲೀಗಿನಿಂದ ಹೊರಹಾಕಿದರು. ಅಂದು ಬೆಳಿಗ್ಗೆ ಪಂದ್ಯ ನಡೆದೇ ತೀರುತ್ತದೆಂಬ ನಂಬಿಕೆಯಿಂದ ಗಿಗ್ ಲೇನ್ ಮೈದಾನಕ್ಕೆ ಜನ ಕಸಬರಿಗೆ ಹಿಡಿದು ಬಂದಿದ್ದರು. ನಾನೂ ಇದ್ದೆ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ತಾನು ಐವತ್ತು ವರ್ಷ ಕುಳಿತ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಒಂದು ವಿಷಯದಲ್ಲಿ ಅಲ್ಲಿನವರು ನಮಗಿಂತ ಮುಂದಿದ್ದಾರೆ, ಅದನ್ನು ಗಂಜ್‌ನಲ್ಲಿ ಕುಳಿತು ಒಪ್ಪಲೇಬೇಕು. ಆಟಗಾರ ಕರಾರಿನ ನಡುವೆ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ, ಮೊತ್ತದ ಶೇಕಡ 5ರಷ್ಟನ್ನು ಅವನನ್ನು 12ರಿಂದ 23ರ ವಯಸ್ಸಿನವರೆಗೆ ತಿದ್ದಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾದ ನಿಯಮವಿದೆ. ನೇಮಾರ್‌ನನ್ನು ಹುಡುಗನಾಗಿದ್ದಾಗ ಬೆಳೆಸಿದ ಬ್ರೆಜಿಲಿನ ಸಾಂಟೊಸ್‌ಗೆ 2017ರ ಹಣದಲ್ಲೂ ಪಾಲು ಸಂದಿತು. ನಮ್ಮಲ್ಲಿ ತೊಗರಿ ದಾಲ್ ಮಿಲ್ ದಾಟಿ ಬೇಳೆಯಾಗಿ, ಪೊಟ್ಟಣವಾಗಿ, ದರ ಎಷ್ಟೇ ಏರಿದರೂ ಬೆಳೆದವನಿಗೆ ಚೀಲ ಬಿಟ್ಟ ದಿನದ ದುಡ್ಡೇ ಕೊನೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಬಂತು. ಆ ಹೆಸರಿನ ಬೆಲೆಯಲ್ಲಿ ಹೊಲದವನಿಗೂ ಇಂಥದೊಂದು ಪಾಲು ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಲ್ಲಿಯೂ ಆ ಐದು ಸಾಲದು. ಇಂಗ್ಲೆಂಡಿನೊಳಗೇ ಬೆಳೆದು ಅಲ್ಲೇ ಮಾರಾಟವಾಗುವ ಹುಡುಗನಿಗೆ ಆ ಫಿಫಾ ನಿಯಮ ತಾಗುವುದಿಲ್ಲ. 2025ರ ಜುಲೈನಲ್ಲಿ ಹೊಸ ಫುಟ್‌ಬಾಲ್ ಆಡಳಿತ ಕಾನೂನಿಗೆ ಅಂಗೀಕಾರ ಸಿಕ್ಕಿ, ಅದು ಸ್ವತಂತ್ರ ನಿಯಂತ್ರಕರಿಗೆ ದಾರಿ ಮಾಡಿಕೊಟ್ಟಿದೆ. ಪ್ರೀಮಿಯರ್ ಲೀಗ್ ಮತ್ತು ಕೆಳಗಿನ ಲೀಗ್‌ಗಳ ನಡುವೆ ಹಣ ಹಂಚಿಕೆಯ ಮಾತು ಮುರಿದುಬಿದ್ದರೆ ಕೊನೆಗೆ ತಾವೇ ತೀರ್ಮಾನಿಸುವ ಅಧಿಕಾರ ಅವರಿಗಿದೆ. ಅದನ್ನು ಅವರು ಬಳಸಬೇಕು. 300 ಕೋಟಿ ಸುರಿಯುವ ಬೇಸಿಗೆಯಲ್ಲಿ ನೂರಕ್ಕೆ ಎರಡು ಮೂರರಂತೆ ತೆಗೆದಿಟ್ಟರೂ ಬೆರಿಯಂಥ ಎಷ್ಟೋ ಊರುಗಳ ಮೈದಾನದ ದೀಪ ಉರಿಯುತ್ತದೆ.

ಸಂಜೆ ಅಂಗಡಿ ಬಾಗಿಲು ಎಳೆಯುವಾಗ ಕಾಕಾ ಮತ್ತೆ ಕೇಳಿದರು. "ಆ ಒಂದು ಪೌಂಡಿನ ಮೈದಾನದಲ್ಲಿ ಈಗ ಯಾರು ಆಡುತ್ತಾರೆ?"

"ಊರಿನವರೇ ದುಡ್ಡು ಹಾಕಿ ಬಿಡಿಸಿಕೊಂಡರು ಕಾಕಾ. 2023ರಿಂದ ಮತ್ತೆ ಬೆರಿಯವರೇ ಆಡುತ್ತಿದ್ದಾರೆ, ತುಂಬ ಕೆಳಗಿನ ದರ್ಜೆಯಲ್ಲಿ. ಶನಿವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ."

"ಜನ ಬರುತ್ತಾರೇನು?"

"ಬರುತ್ತಾರೆ" ಎಂದೆ. ಕಾಕಾ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಧೋತರದ ಒಳಗೆ ಕಟ್ಟಿಕೊಂಡರು.